ಸ್ಪ್ಯಾನರ್ ಹಿಡಿಯುವ ಮೊದಲು ಪೆಡಲ್ ತುಳಿದು ನೋಡಿ

ಬ್ರೇಕ್ ಪೆಡಲ್ ಕೆಳಗೆ ಹೋಗುತ್ತಿದೆ ಎಂದು ಪಿಕಪ್ ಬಂದರೆ, ಕಲಿಯುವ ನಾವೆಲ್ಲ ಮೊದಲು ಬ್ಲೀಡಿಂಗ್, ಅಂದರೆ ಬ್ರೇಕ್ ಆಯಿಲ್ ಲೈನಿನ ಏರ್ ತೆಗೆಯಲು ಕೂರುತ್ತೇವೆ. ನಾನೂ ಒಂದು ಗಾಡಿಗೆ ಎರಡು ಸಲ ಬ್ಲೀಡಿಂಗ್ ಮಾಡಿದೆ. ಪೆಡಲ್ ಇಳಿಯುತ್ತಲೇ ಇತ್ತು. ಆ ಲೈನಿನಲ್ಲಿ ಗಾಳಿಯೇ ಇರಲಿಲ್ಲ!

ಮೊದಲು ಇಂಜಿನ್ ಆಫ್ ಮಾಡಿ ನಾಲ್ಕೈದು ಸಲ ತುಳಿಯಿರಿ. ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರ್‌ನ ವ್ಯಾಕ್ಯೂಮ್ ಖಾಲಿಯಾಗಲಿ. ಆಮೇಲೆ ಒತ್ತಿ ಹಿಡಿದು, ಕಾಲಿಗೆ ಏನು ತಿಳಿಯುತ್ತದೆ ನೋಡಿ. ಸ್ಪಂಜಿನ ಹಾಗೆ ಪುಟಿದರೆ ಗಾಳಿ ಇರಬಹುದು, ಹಳೇ ರಬ್ಬರ್ ಹೋಸ್ ಉಬ್ಬುತ್ತಿರಲೂಬಹುದು. ಮೊದಲ ಸಲ ಕೆಳಗೆ ಹೋಗಿ, ಎರಡು ಮೂರು ಸಲ ತುಳಿದ ಮೇಲೆ ಮೇಲೆ ಬಂದರೆ ಹಿಂದಿನ ಡ್ರಮ್ ತೆಗೆದು ಶೂ ಅಡ್ಜಸ್ಟ್‌ಮೆಂಟ್ (ಶೂ ಮತ್ತು ಡ್ರಮ್ ನಡುವಿನ ಅಂತರ) ನೋಡಿ.

ಒತ್ತಿ ಹಿಡಿದಾಗ ಮೆಲ್ಲಗೆ ಇಳಿಯುತ್ತಾ ಹೋಗುವುದೇ ಬೇರೆ ಕಾಯಿಲೆ. ಎಲ್ಲೋ ಒತ್ತಡ ನಿಲ್ಲುತ್ತಿಲ್ಲ. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕಡಿಮೆಯಾಗುತ್ತಿದ್ದರೆ ಹೊರಗೆ ಸೋರುತ್ತಿದೆ. ಚಕ್ರದಲ್ಲಿ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಬೂಟ್ ಎತ್ತಿ ನೋಡಿ. ಅಲ್ಲೂ ಒಣಗಿದ್ದರೆ, ಪೆಡಲ್ ಒತ್ತಿದಾಗ ಲೈನಿಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಹಿಂದಿನ ಸೀಲ್‌ನಿಂದ ಬೂಸ್ಟರ್ ಒಳಗೆ ಹೋಗುತ್ತಿರಬಹುದು. ಆಯಿಲ್ ಕಡಿಮೆಯಾಗದೆ ಪೆಡಲ್ ಇಳಿದರೆ ಮೊದಲ ಅನುಮಾನ ಮಾಸ್ಟರ್ ಸಿಲಿಂಡರ್ ಮೇಲೆ. ಒಳಗಿನ ರಬ್ಬರ್ ಸೀಲ್, ಅಂದರೆ ಕಪ್, ಸವೆದು ಆಯಿಲ್ ಪಕ್ಕದಿಂದ ಜಾರಿ ಮತ್ತೆ ಡಬ್ಬಿಗೇ ಸೇರುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ನನ್ನ ಗಾಡಿಯ ತೊಂದರೆ ಇದೇ ಆಗಿತ್ತು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಜೋರಾಗಿ ತುಳಿದರೆ ಕಪ್‌ನ ಅಂಚು ಅಗಲವಾಗಿ ಗೋಡೆಗೆ ಅಂಟಿಕೊಂಡು, ಪೆಡಲ್ ನಿಂತುಬಿಡಬಹುದು. ಅದಕ್ಕೇ ಹಗುರವಾಗಿಯೂ ಅರ್ಧ ನಿಮಿಷ ಹಿಡಿದು ನೋಡಿ. ಇಂಜಿನ್ ಸ್ಟಾರ್ಟ್ ಆದ ಕ್ಷಣ ಪೆಡಲ್ ಸ್ವಲ್ಪ ಇಳಿದರೆ ಹೆದರಬೇಡಿ, ಬೂಸ್ಟರ್ ಸರಿ ಇದೆ ಅಂತ ಅರ್ಥ. ಖಚಿತ ಮಾಡಿಕೊಳ್ಳಲು ಎಲ್ಲ ರಬ್ಬರ್ ಹೋಸ್‌ಗಳಿಗೂ, ಹೋಸ್ ಒತ್ತಿ ಆಯಿಲ್ ತಡೆಯುವ ಹೋಸ್ ಕ್ಲ್ಯಾಂಪ್ ಹಾಕಿ. ಆಗಲೂ ಇಳಿದರೆ, ಪೈಪ್ ಸೋರದೇ ಇದ್ದರೆ, ತಪ್ಪು ಮಾಸ್ಟರ್‌ನದ್ದೇ. ಗಟ್ಟಿಯಾಗಿ ನಿಂತರೆ ಒಂದೊಂದೇ ಕ್ಲ್ಯಾಂಪ್ ಬಿಚ್ಚಿ. ಯಾವುದು ಬಿಚ್ಚಿದಾಗ ಇಳಿಯಿತೋ ಆ ಕಡೆ ಹುಡುಕಿ.

ಹಿಂದಿನ ಆಕ್ಸಲ್‌ಗೆ ಲೋಡ್ ಸೆನ್ಸಿಂಗ್ ವಾಲ್ವ್ (ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಬದಲಿಸುವ ವಾಲ್ವ್) ಇದ್ದರೆ, ಬ್ಲೀಡಿಂಗ್ ಮಾಡುವಾಗ ಆಕ್ಸಲ್ ನೇತಾಡಬಾರದು. ಗಾಡಿ ಖಾಲಿ ಅಂದುಕೊಂಡು ವಾಲ್ವ್ ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಬಿಡುತ್ತದೆ. ಚಕ್ರ ನೆಲದ ಮೇಲೇ ಇರಲಿ.

ಇನ್ನೊಂದು ಮಾತು. ಲೋಡ್ ತುಂಬಿ ಚಾರ್ಮಾಡಿ ಘಾಟಿ ಇಳಿದು ಬಂದ ಗಾಡಿ ಗ್ಯಾರೇಜಿನಲ್ಲಿ ಎಲ್ಲ ಪರೀಕ್ಷೆ ಪಾಸಾಗಬಹುದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್‌ಗೆ ಹೊಸದಾಗಿದ್ದಾಗ ಕನಿಷ್ಠ ಕುದಿಬಿಂದು 205 ಡಿಗ್ರಿ, ತೇವ ಹೀರಿದ ಮೇಲೆ 140 ಡಿಗ್ರಿ ಸೆಲ್ಸಿಯಸ್. ಇಳಿಜಾರಿನಲ್ಲಿ ಕಾದು ಕುದಿದರೆ ಲೈನಿನಲ್ಲಿ ಆವಿ ತುಂಬಿ ಪೆಡಲ್ ಮೆತ್ತಗಾಗುತ್ತದೆ. ತಣ್ಣಗಾದ ಮೇಲೆ ಮತ್ತೆ ಗಟ್ಟಿ. ಅದಕ್ಕೇ ಡ್ರೈವರಣ್ಣನನ್ನು ಕೇಳಿ: ಎಲ್ಲಿ, ಎಷ್ಟು ಲೋಡಿನಲ್ಲಿ, ಎಷ್ಟು ಹೊತ್ತು ಬ್ರೇಕ್ ಹಿಡಿದ ಮೇಲೆ ಹೀಗಾಯಿತು ಅಂತ.