ಒಯ್ದವರು ಯಾರು?

ಮ್ಯೂಸಿಯಂಗಳಿಗೆ ಲೇಬಲ್ ಬರೆಯುವುದು ನನ್ನ ಕೆಲಸ. ಪ್ರತಿ ವಸ್ತುವಿನ ಪಕ್ಕ ನಾಲ್ಕು ಸಾಲು, ಅಷ್ಟೇ. ಅದರಲ್ಲಿ ನಾವು ಜಾಸ್ತಿ ಬಳಸುವ ಮಾತು 'ಸಂಗ್ರಹಿಸಲಾಗಿದೆ'. ಯಾರು ಸಂಗ್ರಹಿಸಿದರು? ಕೇಳಿ ತಂದರಾ, ಕಿತ್ತುಕೊಂಡು ತಂದರಾ? ಆ 'ಲಾಗಿದೆ' ಎಲ್ಲವನ್ನೂ ನುಂಗಿಬಿಡುತ್ತದೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಇದನ್ನು ಹೇಳಿಕೊಡಲು ನಾನು ಕೆಂಟ್ ಮಾಂಕ್‌ಮನ್ ಅವರ ಒಂದು ಚಿತ್ರ ತೋರಿಸುತ್ತೇನೆ.

ಮಾಂಕ್‌ಮನ್ ಕೆನಡಾದ ಮೂಲನಿವಾಸಿಗಳಾದ ಕ್ರೀ ಜನಾಂಗದ ಕಲಾವಿದರು. 2017ರಲ್ಲಿ ಕೆನಡಾ ದೇಶವಾಗಿ 150 ವರ್ಷ ತುಂಬಿದ ಸಂಭ್ರಮದಲ್ಲಿತ್ತು. ಆ ಜನವರಿಯಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಆರ್ಟ್ ಮ್ಯೂಸಿಯಂನಲ್ಲಿ ಅವರೇ ಕ್ಯುರೇಟರ್ ಆಗಿ 'ಶೇಮ್ ಅಂಡ್ ಪ್ರೆಜುಡಿಸ್' ಎಂಬ ಪ್ರದರ್ಶನ ಜೋಡಿಸಿದರು. ತಮ್ಮ ಚಿತ್ರಗಳ ಜೊತೆಗೆ ಬೇರೆ ಬೇರೆ ಮ್ಯೂಸಿಯಂಗಳಿಂದ ಎರವಲು ತಂದ ಹಳೆಯ ವಸ್ತುಗಳನ್ನೂ ಇಟ್ಟರು.

ನಾನು ತೋರಿಸುವ ಚಿತ್ರ 'ದ ಸ್ಕ್ರೀಮ್'. ಕೆನಡಾ ಸರ್ಕಾರ ಮತ್ತು ಚರ್ಚುಗಳು ಸೇರಿ ಸುಮಾರು 1.5 ಲಕ್ಷ ಮೂಲನಿವಾಸಿ ಮಕ್ಕಳನ್ನು, ಅವರ ಮನೆ, ಭಾಷೆ, ಸಂಸ್ಕೃತಿಯಿಂದ ದೂರ ಮಾಡಲೆಂದೇ ನಡೆಸುತ್ತಿದ್ದ ವಸತಿ ಶಾಲೆಗಳಿಗೆ ಒಯ್ದವು. ಈ ಸಂಗತಿ ಬರೆಯುವಾಗ ಕೈಗೆ ಸುಲಭವಾಗಿ ಬರುವ ಮಾತು 'ಸೇರಿಸಲಾಯಿತು', ಅಲ್ವಾ? ಚಿತ್ರದಲ್ಲಿ ಅದಕ್ಕೆ ಜಾಗವೇ ಇಲ್ಲ. ಕೆಂಪು ಕೋಟಿನ ಪೊಲೀಸರು, ಪಾದ್ರಿಗಳು, ನನ್‌ಗಳು ಮನೆಯಂಗಳಕ್ಕೇ ಬಂದು ಮಕ್ಕಳನ್ನು ಎಳೆಯುತ್ತಿದ್ದಾರೆ. ತಾಯಂದಿರು ಬಿಡಿಸಿಕೊಳ್ಳಲು ಹೆಣಗುತ್ತಿದ್ದಾರೆ. ದೂರದಲ್ಲಿ ಕೆಲವು ಮಕ್ಕಳು ಕಾಡಿನ ಕಡೆ ಓಡುತ್ತಿದ್ದಾರೆ. ಯಾವ ಕೈ ಯಾರದು ಅಂತ ಕಣ್ಣಿಗೆ ಕಾಣುತ್ತದೆ. ಚಿತ್ರದ ಶೈಲಿ ಯುರೋಪಿನ ಹಳೆಯ ತೈಲಚಿತ್ರಗಳದ್ದು. ದೊಡ್ಡ ಕ್ಯಾನ್ವಾಸಿನಲ್ಲಿ ಗೆದ್ದವರ ಕತೆ ಬರೆಯುತ್ತಿದ್ದ ಶೈಲಿ ಅದು.

ಕ್ಯುರೇಟರ್ ಆಗಿ ಅವರು ಮಾಡಿದ್ದು ನನ್ನನ್ನು ಇನ್ನೂ ಆಳವಾಗಿ ತಟ್ಟಿತು. ಈ ಚಿತ್ರವಿದ್ದ ಕೋಣೆಯ ಗೋಡೆಗೆ ತೊಟ್ಟಿಲು ಹಲಗೆಗಳನ್ನು ತೂಗುಹಾಕಿದರು. ಕೂಸನ್ನು ಬೆಚ್ಚಗೆ ಸುತ್ತಿ, ಹಲಗೆಗೆ ಕಟ್ಟಿ, ತಾಯಿ ಬೆನ್ನ ಮೇಲೆ ಹೊರುತ್ತಿದ್ದ ಹಲಗೆಗಳು. ಕೆಲವು ಕಡೆ ಹಲಗೆಯೇ ಇಲ್ಲ. ಸೀಮೆಸುಣ್ಣದಲ್ಲಿ ಬರೆದ ಅದರ ಆಕಾರ ಮಾತ್ರ. ನಾವಾಗಿದ್ದರೆ ಖಾಲಿ ಜಾಗ ಕಂಡ ಕೂಡಲೇ ಬೇರೆ ವಸ್ತು ತಂದು ತುಂಬುತ್ತಿದ್ದೆವು. ಅವರು ಆ ಖಾಲಿಯನ್ನೇ ನೋಡಲು ಇಟ್ಟರು.

ಈಗ ನಮ್ಮ ತಂಡದಲ್ಲಿ ಒಂದು ಪದ್ಧತಿ ಇದೆ. ಕರಡಿನಲ್ಲಿ 'ಲಾಗಿದೆ' ಬಂದ ಕಡೆಯೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕುತ್ತೇವೆ. ಆಮೇಲೆ ಹಳೆಯ ರಿಜಿಸ್ಟರ್ ತೆಗೆದು ಹೆಸರು ಹುಡುಕುತ್ತೇವೆ. ಸಿಗದಿದ್ದರೆ 'ಇದನ್ನು ಯಾರು, ಯಾರಿಂದ ತಂದರು ಎಂದು ನಮ್ಮ ದಾಖಲೆಯಲ್ಲಿ ಬರೆದಿಟ್ಟಿಲ್ಲ' ಎಂದೇ ಲೇಬಲ್ಲಿನಲ್ಲಿ ಹಾಕುತ್ತೇವೆ.