ಕಿಂಗ್ ಕಾಂಗ್ ವೇಷದೊಳಗೆ ಇದ್ದವರು ಯಾರು?

ಪ್ರಶ್ನೆ: 1933ರ ‘ಕಿಂಗ್ ಕಾಂಗ್’ ಚಿತ್ರದಲ್ಲಿ ಗೊರಿಲ್ಲಾ ವೇಷ ಹಾಕಿ ನಟಿಸಿದವರು ಯಾರು?

ಉತ್ತರ: ಯಾರೂ ಇಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಇನ್ನೊಮ್ಮೆ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ವೇಷದ ಕಥೆಯನ್ನು ಒಪ್ಪಿಕೊಂಡರೆ ಚಿತ್ರದ ವಿಶೇಷ ಪರಿಣಾಮಗಳನ್ನು ರೂಪಿಸಿದ ವಿಲ್ಲಿಸ್ ಓಬ್ರಿಯನ್ ಮತ್ತು ಅವರ ಸಂಗಡಿಗರು ಪಟ್ಟ ಶ್ರಮವನ್ನೆಲ್ಲ ಅಳಿಸಿಹಾಕಿದಂತಾಗುತ್ತದೆ.

ದ್ವೀಪದಲ್ಲಿ ಡೈನೋಸಾರ್‌ನ ದವಡೆ ಸೀಳುವ ಆ ದೈತ್ಯ ನಿಜವಾಗಿ ಸುಮಾರು 18 ಅಂಗುಲದ ಬೊಂಬೆ. ಮಾರ್ಸೆಲ್ ಡೆಲ್ಗಾಡೊ ಅದಕ್ಕೆ ಕೀಲುಗಳುಳ್ಳ ಲೋಹದ ಅಸ್ಥಿಪಂಜರ ಮಾಡಿ, ರಬ್ಬರಿನಿಂದ ಮಾಂಸಖಂಡ ತುಂಬಿ, ಮೇಲೆ ಮೊಲದ ತುಪ್ಪಳು ಹೊದಿಸಿದರು. ಬೊಂಬೆಯನ್ನು ಕೂದಲೆಳೆಯಷ್ಟು ಕದಲಿಸಿ ಒಂದು ಫ್ರೇಮ್ ತೆಗೆಯುವುದು, ಮತ್ತೆ ಕದಲಿಸಿ ಇನ್ನೊಂದು ತೆಗೆಯುವುದು. ತೆರೆಯ ಮೇಲಿನ ಒಂದು ಸೆಕೆಂಡಿಗೆ ಹೀಗೆ 24 ಚಿತ್ರಗಳು ಬೇಕು. ಇದಕ್ಕೆ ಸಾಕ್ಷಿ ಚಿತ್ರದಲ್ಲಿಯೇ ಇದೆ. ಕಾಂಗ್‌ನ ಮೈಕೂದಲು ಗಾಳಿಯೇ ಇಲ್ಲದೆ ಸದಾ ಅಲುಗಾಡುತ್ತಿರುವುದನ್ನು ಗಮನಿಸಿ. ಪ್ರತಿ ಫ್ರೇಮ್‌ಗೂ ಬೊಂಬೆಯನ್ನು ಮುಟ್ಟಿದ ಕಲಾವಿದರ ಬೆರಳಿನ ಗುರುತು ಅದು. ವೇಷ ತೊಟ್ಟ ಮನುಷ್ಯನ ಮೈಮೇಲೆ ತುಪ್ಪಳು ಹಾಗೆ ಕುದಿಯುವುದು ಸಾಧ್ಯವೇ ಇಲ್ಲ.

ಹಾಗಾದರೆ ಈ ತಪ್ಪು ಕಲ್ಪನೆ ಎಲ್ಲಿಂದ ಬಂತು? 1962ರಲ್ಲಿ ಜಪಾನಿನಲ್ಲಿ ತಯಾರಾದ ಚಿತ್ರದಲ್ಲಿಯೂ 1976ರ ಅಮೆರಿಕನ್ ಮರುನಿರ್ಮಾಣದಲ್ಲಿಯೂ ಕಾಂಗ್ ಆಗಿದ್ದವರು ವೇಷಧಾರಿಗಳೇ. ಅವುಗಳನ್ನು ಮೊದಲು ನೋಡಿದವರು ಆ ನೆನಪನ್ನೇ ಹಳೆಯ ಚಿತ್ರಕ್ಕೂ ಅಂಟಿಸಿಬಿಡುತ್ತಾರೆ. ಮೂಲ ಚಿತ್ರಕ್ಕಾಗಿ ದೊಡ್ಡದೊಂದು ತಲೆಯನ್ನೂ ನಾಯಕಿ ಫೇ ರೇ ಅವರನ್ನು ಹಿಡಿದೆತ್ತುವ ಕೈಯನ್ನೂ ಕಟ್ಟಿದ್ದರು, ತಲೆಯೊಳಗೆ ಕುಳಿತವರು ಸನ್ನೆಗೋಲುಗಳಿಂದ ಕಣ್ಣು, ಹುಬ್ಬು, ಬಾಯಿಗಳನ್ನು ಆಡಿಸುತ್ತಿದ್ದರು ಎಂಬುದು ನಿಜ. ಆದರೆ ಅದು ಯಂತ್ರ ನಡೆಸುವ ಕೆಲಸ, ವೇಷ ಹಾಕಿ ನಟಿಸುವುದಲ್ಲ. ನಟನೆಯನ್ನು ಕಾಣಬೇಕಿದ್ದರೆ ಡೈನೋಸಾರ್ ಸತ್ತ ಮೇಲಿನ ಕ್ಷಣವನ್ನು ನೋಡಿ: ಕಾಂಗ್ ಅದರ ಜೋತುಬಿದ್ದ ದವಡೆಯನ್ನು ಕೈಯಿಂದ ಎತ್ತಿ, ಬಿಟ್ಟು, ಮತ್ತೆ ಎತ್ತಿ ಪರೀಕ್ಷಿಸುತ್ತದೆ. ಮಗುವಿನಂಥ ಆ ಕುತೂಹಲವನ್ನು ಬೊಂಬೆಯೊಂದರ ಬೆರಳುಗಳಿಗೆ ತಂದದ್ದು ಓಬ್ರಿಯನ್ನರ ಪ್ರತಿಭೆ. ಆಗ ಆಸ್ಕರ್‌ನಲ್ಲಿ ವಿಶೇಷ ಪರಿಣಾಮಗಳಿಗೆಂದು ವಿಭಾಗವೇ ಇರಲಿಲ್ಲವೆಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ. ಆದರೆ ಬಾಲಕನಾಗಿ ಈ ಚಿತ್ರ ನೋಡಿದ ರೇ ಹ್ಯಾರಿಹೌಸೆನ್ ಇದೇ ಕಲೆಗೆ ಬದುಕನ್ನು ಮೀಸಲಿಟ್ಟು, ಮುಂದೆ ಓಬ್ರಿಯನ್ನರ ಕೈಕೆಳಗೇ ದುಡಿದರು.

ಯಾರೂ ಕೇಳದಿದ್ದರೂ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ನಾವು ನೋಡುತ್ತಿರುವುದು ಪೂರ್ಣ ಚಿತ್ರವೇ? 1938ರ ಮರುಬಿಡುಗಡೆಯ ಹೊತ್ತಿಗೆ ಹಾಲಿವುಡ್‌ನ ನೀತಿಸಂಹಿತೆ ಬಿಗಿಯಾಗಿದ್ದುದರಿಂದ, ಕಾಂಗ್ ದ್ವೀಪವಾಸಿಗಳನ್ನು ಕಚ್ಚಿ ತುಳಿಯುವ ಮತ್ತು ನಾಯಕಿಯ ಉಡುಪನ್ನು ಸುಲಿಯುವ ದೃಶ್ಯಗಳಿಗೆ ಕತ್ತರಿ ಬಿತ್ತು. 1952ರ ಮರುಬಿಡುಗಡೆಯಲ್ಲಿ ಭರ್ಜರಿ ಹಣ ಗಳಿಸಿದ್ದೂ ಹೀಗೆ ಕತ್ತರಿಸಿದ ಪ್ರತಿಯೇ. ದಶಕಗಳ ನಂತರ ಆ ತುಣುಕುಗಳು ದೊರೆತು ಸ್ವಸ್ಥಾನಕ್ಕೆ ಮರಳಿದವು. ಮರಳದೆ ಹೋದದ್ದು, ನಾವಿಕರು ಕಂದರಕ್ಕೆ ಬಿದ್ದು ದೈತ್ಯ ಜೇಡಗಳ ಬಾಯಿಗೆ ತುತ್ತಾಗುವ ದೃಶ್ಯ. ಅದನ್ನು ತೆಗೆಸಿದ್ದು ಸೆನ್ಸಾರ್ ಅಲ್ಲ. ಕಥೆಯ ಓಟ ಅಲ್ಲಿ ನಿಲ್ಲುತ್ತದೆಂದು ನಿರ್ದೇಶಕ ಮೆರಿಯನ್ ಕೂಪರ್ ಅವರೇ ಬಿಡುಗಡೆಗೆ ಮುನ್ನ ಕತ್ತರಿಸಿದರು.