ಅಂಗೈಯಗಲದಲ್ಲಿ ವರ್ಷದ ಮಳೆ

"ಎಂತ ಮಾರಾಯ್ರೆ, ಆ ರಾತ್ರಿಯ ಮಳೆ ಎಲ್ಲಿ ಹೋಯ್ತು?" ಕಾಸರಗೋಡಿನ ಪೆರ್ಲ ಕಡೆಯ ಅಡಿಕೆ ಕೃಷಿಕರೊಬ್ಬರು ಫೋನನ್ನು ನನ್ನ ಮುಂದೆ ಹಿಡಿದರು. ತೋಟದ ಮಳೆಮಾಪಕದ ಲೆಕ್ಕ ತೋರಿಸುವ ಆ ಆ್ಯಪ್ ಮಾಡಿದವನು ನಾನೇ. ಒಂದೇ ಗಂಟೆಯಲ್ಲಿ 60 ಮಿ.ಮೀ. ಸುರಿದಿತ್ತು. ತೋಡು ಉಕ್ಕಿ ತೋಟಕ್ಕೆ ನುಗ್ಗಿತ್ತು. ಆ್ಯಪ್‌ನಲ್ಲಿ ನಾನು ಎಳೆದ ಮಳೆಯ ಗೆರೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ಉಬ್ಬೇ ಇಲ್ಲ.

ಹದಿನೈದು ನಿಮಿಷಕ್ಕೊಮ್ಮೆ ಅಳೆದರೆ ವರ್ಷಕ್ಕೆ 35,040 ಅಂಕೆ. ಸಾಮಾನ್ಯ ಫೋನಿನ ಪರದೆ ಅಡ್ಡಕ್ಕೆ 1080 ಪಿಕ್ಸೆಲ್. ಒಂದು ಪಿಕ್ಸೆಲ್ ಅಗಲದಲ್ಲಿ ಸುಮಾರು 32 ಅಂಕೆ, ಅಂದರೆ ಎಂಟು ಗಂಟೆಯ ಮಳೆ ಕೂರಬೇಕು. ನಾನು ಸುಲಭದ ದಾರಿ ಹಿಡಿದು ಸರಾಸರಿ ತೆಗೆದಿದ್ದೆ. ಆ ರಾತ್ರಿಯ ಪಿಕ್ಸೆಲ್ಲಿನಲ್ಲಿ ಹದಿನೈದರ ನಾಲ್ಕು ಅಂಕೆ, ಮಿಕ್ಕ 28 ಸೊನ್ನೆ. ಸರಾಸರಿ ಎರಡಕ್ಕೂ ಕಮ್ಮಿ! ತೋಡು ಉಕ್ಕಿಸಿದ ಮಳೆ ತುಂತುರಾಗಿಬಿಟ್ಟಿತು.

ಈಗ ಪ್ರತಿ ಪಿಕ್ಸೆಲ್ಲಿಗೆ ಆ ಎಂಟು ಗಂಟೆಯ ಅತಿ ದೊಡ್ಡ ಅಂಕೆಯನ್ನೇ ಎಳೆಯುತ್ತೇನೆ. ಬೋರ್‌ವೆಲ್ ನೀರಿನ ಮಟ್ಟಕ್ಕಾದರೆ ಅತಿ ಸಣ್ಣದೂ ಬೇಕು, ಇಲ್ಲದಿದ್ದರೆ ಪಂಪು ಓಡುವಾಗ ನೀರು ಎಷ್ಟು ಇಳಿಯಿತೆಂದು ತಿಳಿಯುವುದಿಲ್ಲ. ಗೆರೆ ಒರಟಾಗಿ ಕಾಣುತ್ತದೆ. ಕಾಣಲಿ.

ಮೊದಲು ಒಟ್ಟು ನೋಟ, ಆಮೇಲೆ ಹಿಗ್ಗಿಸುವುದು, ಸೋಸುವುದು, ಕೇಳಿದಾಗ ಮಾತ್ರ ವಿವರ. ಕಂಪ್ಯೂಟರ್ ವಿಜ್ಞಾನಿ ಬೆನ್ ಶ್ನೈಡರ್‌ಮನ್ 1996ರಲ್ಲಿ ಹೇಳಿದ ಕ್ರಮ ಇದು. ಅದು ಮೌಸ್ ಕಾಲದ ಮಾತು, ಫೋನಿನಲ್ಲಿ ಆ 'ಕೇಳುವುದೇ' ಕಷ್ಟ. ಬೆರಳಿಟ್ಟರೆ ನೋಡಬೇಕಾದ ಜಾಗವೇ ಮುಚ್ಚಿಹೋಗುತ್ತದೆ, ಅಲ್ವಾ? ಅದಕ್ಕೇ ಅಂಕೆಯನ್ನು ಪರದೆಯ ಮೇಲ್ತುದಿಯಲ್ಲಿ ತೋರಿಸುತ್ತೇನೆ. ಒತ್ತುವ ಜಾಗ ಸುಮಾರು 9 ಮಿ.ಮೀ. ಇರಲಿ ಎಂಬುದು ಆಂಡ್ರಾಯ್ಡ್‌ನ ಸಲಹೆ. ಆ ಲೆಕ್ಕದಲ್ಲಿ ಅಡ್ಡಕ್ಕೆ ಏಳು ಬೆರಳಿಗಷ್ಟೇ ಜಾಗ. ಹನ್ನೆರಡು ತಿಂಗಳು ಒಂದೇ ಸಾಲಿನಲ್ಲಿ ಕೂರುವುದಿಲ್ಲ. ಆರಾರಂತೆ ಎರಡು ಸಾಲು ಮಾಡಿದೆ. ತಿಂಗಳು ಒತ್ತಿದರೆ ದಿನ, ದಿನ ಒತ್ತಿದರೆ ಗಂಟೆ.

ಆ್ಯಪ್‌ನಲ್ಲಿರುವ ಜಿಲ್ಲೆಯ ನಕ್ಷೆಯ ವಿಷಯದಲ್ಲಿ ಸ್ವಲ್ಪ ಪುಣ್ಯ ಮಾಡಿದ್ದೇವೆ. ಕಾಸರಗೋಡು ಕಡಲಿನುದ್ದಕ್ಕೆ ನೀಳವಾಗಿ ಮಲಗಿದ ಜಿಲ್ಲೆ, ನಿಲ್ಲಿಸಿ ಹಿಡಿದ ಫೋನಿಗೆ ಸರಿಹೊಂದುತ್ತದೆ. ಊರ ಹೆಸರುಗಳದ್ದೇ ತಲೆನೋವು. ಅಕ್ಷರ ಸಣ್ಣದು ಮಾಡಿ ಸಾಲು ಬಿಗಿ ಮಾಡಿದರೆ ಮುಳ್ಳೇರಿಯದ ಒತ್ತು ಕತ್ತರಿಸಿಹೋಗುತ್ತದೆ. ಹಾಗಾಗಿ ದೂರದ ನೋಟದಲ್ಲಿ ಹೆಸರು ಕಮ್ಮಿ, ಹತ್ತಿರ ಹೋದಂತೆ ಜಾಸ್ತಿ. ಹುಡುಕುವಾಗ ಹೊಸದುರ್ಗ ಎಂದರೂ ಕಾಞಂಗಾಡ್ ಎಂದರೂ ಅದೇ ಊರು ತೆರೆಯಬೇಕು.

ಮೊನ್ನೆ ಪೆರ್ಲದ ಆ ಕೃಷಿಕರಿಗೆ ಹೊಸದನ್ನು ತೋರಿಸಿದೆ. ಮಳೆ ಸಿಕ್ಕಿತು. "ಅಡಿಕೆಗೆ ಬೋರ್ಡೋ ಮದ್ದು ಬಿಟ್ಟ ದಿನವನ್ನೂ ಇದರಲ್ಲೇ ಗುರುತು ಹಾಕ್ಲಿಕ್ಕೆ ಆಗ್ತದಾ?" ಎಂದರು. ಅದಕ್ಕೀಗ ಜಾಗ ಹುಡುಕುತ್ತಿದ್ದೇನೆ.